ಗಾಳಿ ತಿರುಗುವ ಮುನ್ನ

"ಬಸ್ಸು ಆಗಲೇ ನಿಮ್ಮ ಗೇಟಿನ ಹತ್ರ ನಿಂತಿದೆ ಟೀಚರ್, ಮಕ್ಕಳನ್ನ ಸಾಲಾಗಿ ನಿಲ್ಲಿಸಿ, ಇದು ಅಭ್ಯಾಸ" ಎಂದು ಶಾಲೆಗೆಂದು ಕರೆ ಮಾಡಿದ ಅಣುಸ್ಥಾವರದ ಸಾರಿಗೆ ಅಧಿಕಾರಿ ಆ ತುದಿಯಿಂದ ಹೇಳಿದಾಗ, ಫೋನಿನ ಈ ತುದಿಯಲ್ಲಿ ಕೂತಿದ್ದ ಅವನಿನ್ನೂ ಹೆಡ್‌ಮಿಸ್ಟ್ರೆಸ್ಸೇ ಆಗಿದ್ದ. ಗಂಟಲನ್ನು ತುಸು ಮೇಲಕ್ಕೆತ್ತಿ, ಪ್ರತಿ ಮಾತಿನ ಬಾಲವನ್ನು ಕರಿಹಲಗೆಯ ಮೇಲೆ ಗೆರೆ ಎಳೆದ ಹಾಗೆ ಉದ್ದಕ್ಕೆ ಎಳೆದು, "ಹೌದಾ? ಬಂದೇ ಬಿಡ್ತಾ?" ಎಂದ. ಧ್ವನಿ ಹೆಡ್‌ಮಿಸ್ಟ್ರೆಸ್ಸಿನದು, ಬೆರಗು ಅವನದು. ಫೋನು ಇಟ್ಟ ಮೇಲೆ ಎಡಗಡೆಯ ಇನ್ನೊಂದು ಫೋನಿನ ಕಡೆ ನೋಡಿದ. ಅದರ ಮೇಲೆ ಅವನೇ ಬೆಳಿಗ್ಗೆ ಅಂಟಿಸಿದ್ದ ಕಾಗದದಲ್ಲಿ ‘ಹವಾಮಾನ’ ಎಂದಿತ್ತು. ಅದು ಬೆಳಗಿನಿಂದ ಒಂದು ಸಲವೂ ಬಡಿದುಕೊಂಡಿರಲಿಲ್ಲ. ಕೆಟ್ಟಿರಬಹುದೆಂಬ ಆಸೆಯಿಂದ ರಿಸೀವರ್ ಎತ್ತಿ ಕಿವಿಗಿಟ್ಟ. ಜೀವ ಇತ್ತು, ಗುಂಯ್ ಎನ್ನುತ್ತಿತ್ತು. ಗಾಳಿ ಯಾವ ಕಡೆ ಎಂದು ಯಾರೂ ಕೇಳಿರಲಿಲ್ಲ. ಕೇಳದೆಯೇ ಬಸ್ಸುಗಳು ಗಾಳಿ ತಿರುಗುವ ದಿಕ್ಕಿಗೆ ಹೋಗಿ ಕಾದು ನಿಂತಿದ್ದವು. ರಿಸೀವರನ್ನು ಮೆಲ್ಲಗೆ ಕೆಳಗಿಟ್ಟ. ಮುಖದ ಮೇಲೆ ಮಾತ್ರ ಹೆಡ್‌ಮಿಸ್ಟ್ರೆಸ್ಸಿನ ಹುಬ್ಬು ಇನ್ನೂ ಇಳಿದಿರಲಿಲ್ಲ.

ಆ ಕೋಣೆಯಲ್ಲಿ ಅವನೇ ಇಡೀ ಹೊರಜಗತ್ತು. ಅಣುಸ್ಥಾವರಗಳ ಮೇಲೆ ಕಣ್ಣಿಡುವ ಮಂಡಳಿಯಿಂದ ಬರುವ ತಂಡ ತುರ್ತು ಪರಿಸ್ಥಿತಿಯ ಅಣಕು ಪ್ರದರ್ಶನ ನಡೆಸುವಾಗ ಒಂದು ಕಥೆಯನ್ನು ಗುಟ್ಟಾಗಿ ಬರೆದುಕೊಂಡು ಬರುತ್ತದೆ: ಇಂಥ ಕೊಳವೆ ಬಿರಿಯಿತು, ಇಂಥ ಪಂಪು ನಿಂತಿತು, ಗಾಳಿ ಇಂಥ ಕಡೆ ಹೊರಟಿತು. ಕಥೆ ಗೊತ್ತಿಲ್ಲದ ಸ್ಥಾವರದವರು ಅದನ್ನು ನಿಜವೆಂದುಕೊಂಡು ಎದುರಿಸಬೇಕು. ಆಸ್ಪತ್ರೆ, ಅಗ್ನಿಶಾಮಕ ದಳ, ಗಾಬರಿಯಾದ ತಂದೆ, ಕೆಣಕುವ ಪತ್ರಕರ್ತ, ಹವಾಮಾನ ಕಚೇರಿಯ ಗುಮಾಸ್ತ, ಶಾಲೆಯ ಹೆಡ್‌ಮಿಸ್ಟ್ರೆಸ್, ಇವರೆಲ್ಲ ಫೋನಿನಲ್ಲಿ ತಂಡದವನಾದ ಅವನೇ. ಪ್ರತಿ ಮಾತಿನ ಹಿಂದೆಯೂ ಮುಂದೆಯೂ ‘ಇದು ಅಭ್ಯಾಸ’ ಎಂದು ಹೇಳಲೇಬೇಕು. ಇಲ್ಲದಿದ್ದರೆ ಯಾರಾದರೂ ದಾರಿಹೋಕರು ಕೇಳಿಸಿಕೊಂಡು ಊರಿಗೆ ಊರೇ ಓಡೀತು. ‘ಅಣುವಿಗೂ ಅಣಕುವಿಗೂ ನಡುವೆ ಒಂದು ಕ ಅಷ್ಟೇ, ಆ ಕ ನಾನು’ ಎಂದು ಅವನು ಸೇರಿದ ಹೊಸದರಲ್ಲಿ ಹೇಳಿದ್ದ ಮಾತನ್ನು ಮಂಡಳಿಯ ಕ್ಯಾಂಟೀನು ಇನ್ನೂ ಮರೆತಿರಲಿಲ್ಲ. ಬೆನ್ನ ಹಿಂದೆ ಅವನನ್ನು ಗಿಳಿ ಅನ್ನುತ್ತಿದ್ದರು. ಅವನು ಕೋಪಿಸಿಕೊಂಡವನಂತೆ ನಟಿಸಿ, ಗಿಳಿಯ ಹಾಗೆಯೇ ಕತ್ತು ಓರೆ ಮಾಡಿ, ಇನ್ನಷ್ಟು ನಗಿಸುತ್ತಿದ್ದ.

ಈ ಸಲದ ಕಥೆಯಲ್ಲಿ ಒಂದೇ ಒಂದು ಕೀಲಿತ್ತು. ಹೋದ ಸಲ ಇದೇ ಸ್ಥಾವರದವರು ಗೋಡೆಯ ನಕ್ಷೆಯ ಮೇಲೆ ವಿಕಿರಣ ಹರಡುವ ಕಡೆ ತೋರಿಸಲು ಗಾಳಿಯ ದಿಕ್ಕಿಗೆ ಇಡುವ ಪ್ಲಾಸ್ಟಿಕ್ಕಿನ ತ್ರಿಕೋನವನ್ನು ಬೆಳಿಗ್ಗೆ ಒಮ್ಮೆ ಸಿಕ್ಕಿಸಿ, ಮತ್ತೆ ಅದರ ಕಡೆ ತಿರುಗಿ ನೋಡಿರಲಿಲ್ಲ. ಗಾಳಿ ತಿರುಗಿತ್ತು, ತ್ರಿಕೋನ ತಿರುಗಿರಲಿಲ್ಲ, ಜನರನ್ನು ಕರೆತರುವ ಬಸ್ಸುಗಳು ನೇರವಾಗಿ ಕಾಣದ ವಿಷದ ಕೆಳಗೇ ಹಾದುಹೋಗಿದ್ದವು. ಕಾಗದದ ಮೇಲೆ ಹಾದುಹೋಗಿದ್ದು, ಸದ್ಯ. ಅದಕ್ಕೇ ಈ ಸಲ ಗಾಳಿಯ ಸುದ್ದಿಯನ್ನು ಯಾರೂ ತಾವಾಗಿ ಕೊಡುವಂತಿರಲಿಲ್ಲ. ಕೇಳಿದವರಿಗೆ ಮಾತ್ರ ಹೇಳಬೇಕು. ಮೊದಲು ಗಾಳಿ ಜನರಿಲ್ಲದ ಹೊಳೆಯ ಕಡೆ. ನಡುವೆ ಎಲ್ಲೋ ತಿರುಗಿ ದಿಬ್ಬದ ಮೇಲಿನ ಶಾಲೆಯ ಕಡೆ. ನಿಯಂತ್ರಣ ಕೊಠಡಿಯಲ್ಲಿದ್ದ ಯಾರಿಗಾದರೂ ಅನುಮಾನ ಬಂದು ಹವಾಮಾನದ ಫೋನಿಗೆ ಕರೆ ಮಾಡಬೇಕು, ಇವನು ಮೂಗಿನಲ್ಲಿ ಮಾತಾಡುವ ಗುಮಾಸ್ತನಾಗಿ ದಿಕ್ಕು ಹೇಳಬೇಕು, ಅವರು ತ್ರಿಕೋನ ತಿರುಗಿಸಬೇಕು, ಬಸ್ಸು ಹೊರಡಬೇಕು. ಯಾರೂ ಕೇಳದೆ ಹೋದರೆ ಕೊನೆಯಲ್ಲಿ ಹೆಡ್‌ಮಿಸ್ಟ್ರೆಸ್ಸಿನ ಕರೆ. ಅದು ಬಂತೆಂದರೆ ಸೋತ ಹಾಗೆ. ಅವನಿಗೆ ಆ ಧ್ವನಿ ತುಂಬ ಇಷ್ಟವಾಗಿತ್ತು. ಅದು ಅವನ ಅಕ್ಕನದು. ಅಮ್ಮ ಹೋದ ಮೇಲೆ ಅವನನ್ನು ಸಾಕಿದ ಅಕ್ಕ. ಶಾಲೆಯಲ್ಲೂ ಮನೆಯಲ್ಲೂ ಒಂದೇ ಧ್ವನಿಯಲ್ಲಿ ಮಾತಾಡಿ, ಹಾಲು ಉಕ್ಕಿದರೂ ‘ನಿಶ್ಶಬ್ದ!’ ಎನ್ನುತ್ತಿದ್ದವಳು. ಅವಳ ತರಗತಿಯ ಕಿಟಕಿಯ ಆಚೆ ನಿಂತು ಅವಳ ಹಾಗೇ ‘ನಿಶ್ಶಬ್ದ!’ ಎಂದು ಕೂಗಿ ಇಡೀ ತರಗತಿಯನ್ನು ಎಬ್ಬಿಸಿ ನಿಲ್ಲಿಸಿದ ದಿನ ಅವಳು ಹೊಡೆದಿರಲಿಲ್ಲ. ಮನೆಗೆ ಬಂದು, ಕೊಡೆ ಮೂಲೆಗಿಟ್ಟು, "ಚೆನ್ನಾಗಿ ಮಾಡ್ತೀಯ ಕಣೋ. ಮಕ್ಕಳು ನಾನೇ ಅಂದ್ಕೊಂಡ್ರು. ನಾಳೆ ನಾನು ನಿಜವಾಗಿ ಕೂಗಿದಾಗ ನೀನು ಅಂದ್ಕೊಂಡು ನಕ್ರೆ?" ಎಂದು ಕೇಳಿದ್ದಳು, ಅಷ್ಟೇ.

ನಿನ್ನೆ ಸಂಜೆ ಅತಿಥಿಗೃಹದ ಜಗಲಿಯಲ್ಲಿ ಟೀ ಇತ್ತು, ಬಿಸ್ಕತ್ತು ಇತ್ತು, ಸ್ಥಾವರದ ಏಳೆಂಟು ಜನ ಇದ್ದರು. ತಂಡದ ಮುಖ್ಯಸ್ಥೆಯಾದ ಮೇಡಂ ತಲೆನೋವೆಂದು ಬೇಗ ಒಳಗೆ ಹೋಗಿದ್ದರು. "ಸಾರ್, ನಿಮ್ಮ ಮಿಮಿಕ್ರಿ ಕೇಳಿದೀವಿ, ನೋಡಿಲ್ಲ" ಎಂದು ಸ್ಥಾವರದ ಮುಖ್ಯಸ್ಥರು ಅಂದದ್ದೇ ತಡ. ಮೊದಲು ರೈಲು ನಿಲ್ದಾಣದ ಧ್ವನಿವರ್ಧಕ ಬಂತು. ಆಮೇಲೆ ಹಲ್ಲು ಕೀಳುವ ವೈದ್ಯ, ಬಾಯಿ ತೆರೆದೇ ಬೈಯುವ ರೋಗಿ. ಆಮೇಲೆ, ಒಳಗಿನ ಬಾಗಿಲ ಕಡೆ ಒಮ್ಮೆ ನೋಡಿ, ಮೇಡಂ. ಕನ್ನಡಕ ಮೂಗಿನ ತುದಿಗೆ ಇಳಿಸಿ, "ಸುರಕ್ಷತೆ ಅನ್ನೋದು ಭಾವನೆ ಅಲ್ಲ ರೀ, ಸಾಕ್ಷಿ. ಸಾಕ್ಷಿ ಎಲ್ಲಿ?" ಎಂದಾಗ ಒಬ್ಬನ ಟೀ ಮೂಗಿಗೆ ಹೋಯಿತು. ಜನ ನಗುವಾಗ ಅವನ ಮೈಯೊಳಗೆ ಒಂದು ದೀಪ ಹತ್ತುತ್ತಿತ್ತು. ಅದು ಆರುವ ಮೊದಲು ಇನ್ನೊಂದು ಹಚ್ಚಬೇಕು. ಸರಕು ಮುಗಿಯುತ್ತ ಬಂದಿತ್ತು. ಆಗ ಅಕ್ಕ ಬಾಯಿಗೆ ಬಂದಳು. "ಸಾರ್ ಸಾರ್, ಗಾಳಿ ನಮ್ಮ ದಿಬ್ಬದ ಕಡೇಗೇ ತಿರುಗಿದೆಯಂತಲ್ಲಾ, ಮಕ್ಕಳನ್ನ ಒಳಗೆ ಕೂರಿಸ್ಲೋ ಹೊರಗೆ ಕಳಿಸ್ಲೋ? ಏಯ್, ಅಲ್ಲಿ ಯಾರದು, ನಿಶ್ಶಬ್ದ!" ಎಲ್ಲರೂ ಬಿದ್ದು ಬಿದ್ದು ನಕ್ಕರು. ಸಾರಿಗೆ ಅಧಿಕಾರಿ ಮಾತ್ರ, ಕಂಬಕ್ಕೆ ಒರಗಿ ನಿಂತಿದ್ದವನು, ಒಂದು ಗುಟುಕು ತಡವಾಗಿ ನಕ್ಕ. ಆ ತಡ ಇವನ ಕಣ್ಣಿಗೆ ಬಿದ್ದಿತ್ತು. ಬಿದ್ದಿದ್ದೇ ತಪ್ಪಾಯಿತು. ತನ್ನ ಧ್ವನಿಯಲ್ಲೇನೋ ಕೊರತೆಯಾಗಿದೆ, ಅವನಿಗೆ ಮುಟ್ಟಿಲ್ಲ ಎಂದುಕೊಂಡು, ಅವನೊಬ್ಬನ ಕಡೆಗೇ ತಿರುಗಿ ಮತ್ತೊಮ್ಮೆ ಮಾಡಿ ತೋರಿಸಿದ್ದ. ದಿಬ್ಬ ಎಂಬ ಮಾತಿಗೆ ಇನ್ನಷ್ಟು ಒತ್ತು ಕೊಟ್ಟು.

ಒಂದು ಸಲ ಬಾಯಿ ಜಾರಿತ್ತು. ಎರಡನೆಯ ಸಲ ತಾನೇ ಜಾರುಬಂಡೆ ಹತ್ತಿ ಕೂತಿದ್ದ. ಈಗ ಅಭ್ಯಾಸ ಮುಗಿದ ಸೈರನ್ ಕೂಗಿತು. ಹೊರಗೆ ಕಾರಿಡಾರಿನಲ್ಲಿ ಬೂಟುಗಳ ಸದ್ದು, ನಿರಾಳವಾದವರ ಗಟ್ಟಿ ಮಾತು, ಯಾರೋ ಯಾರದೋ ಬೆನ್ನು ತಟ್ಟಿದ ಸಪ್ಪಳ. ಅವನು ಹವಾಮಾನದ ಕಾಗದವನ್ನು ಫೋನಿನಿಂದ ಕಿತ್ತು ಮುದ್ದೆ ಮಾಡಿ ಜೇಬಿಗೆ ಹಾಕಿಕೊಂಡ. ಯಾಕೆ ಹಾಗೆ ಮಾಡಿದೆನೆಂದು ಅವನಿಗೇ ತಿಳಿಯಲಿಲ್ಲ. ಬಾಗಿಲಲ್ಲಿ ಮೇಡಂ ನಿಂತಿದ್ದರು. ಬೆಳಗಿನಿಂದ ನಿಯಂತ್ರಣ ಕೊಠಡಿಯಲ್ಲಿ ನಿಂತೇ ಇದ್ದು ಕಾಲು ಬದಲಿಸುತ್ತಿದ್ದರು, ಆದರೆ ಮುಖದಲ್ಲಿ ಸಂತೋಷ ಇತ್ತು. ಅವರ ಮುಖದಲ್ಲಿ ಅದು ಎರವಲು ತಂದ ಅಂಗಿಯಂತೆ ಸ್ವಲ್ಪ ಸಡಿಲವಾಗಿ ಕಾಣುತ್ತಿತ್ತು. "ತ್ರಿಕೋನ ಎಷ್ಟು ಬೇಗ ತಿರುಗಿಸಿದ್ರು ನೋಡಿದ್ರಾ? ನೀವೆಲ್ಲಿ ನೋಡ್ತೀರಿ, ಇಲ್ಲಿದ್ರಿ. ಗಾಳಿ ಕೇಳಿದ್ರು ತಾನೆ?" ಅವನು ಬಾಯಿ ತೆರೆದ. ಬಂದದ್ದು ಗುಮಾಸ್ತನ ಮೂಗಿನ ಧ್ವನಿ: "ಹವಾಮಾನ ಕಚೇರಿ ಸದಾ ನಿಮ್ಮ ಸೇವೆಯಲ್ಲಿ ಮೇಡಂ!" ಮೇಡಂ ನಕ್ಕರು. ಅಪರೂಪಕ್ಕೆ ನಗುವವರು ನಕ್ಕಾಗ ಅದನ್ನು ಹಿಂದಕ್ಕೆ ಇಸಿದುಕೊಳ್ಳುವುದು ಕಷ್ಟ. ಸುಳ್ಳು ಹೇಳಿರಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿದವನು ಗುಮಾಸ್ತ.

ಪರಾಮರ್ಶೆಯ ಸಭೆ ಮಧ್ಯಾಹ್ನಕ್ಕಿತ್ತು. ಅಷ್ಟರೊಳಗೆ ಶಾಲೆಯ ಕಡೆ ಹೋಗಿ ನೋಡಿ ಬರುವುದು ಅವನ ಕೆಲಸವೇ ಆಗಿತ್ತು. ಜೀಪನ್ನು ಸಾರಿಗೆ ಅಧಿಕಾರಿ ತಾನೇ ಓಡಿಸಿದ. ಸೇತುವೆ ದಾಟಿದ ಮೇಲೆ ರಸ್ತೆಯನ್ನೇ ನೋಡುತ್ತ, "ನಿನ್ನೆ ಒಳ್ಳೇ ಮಜಾ ಕೊಟ್ರಿ ಸಾರ್. ಮಜಾ ಒಂದೇ ಅಲ್ಲ" ಎಂದ.

"ನೀವು ತಡವಾಗಿ ನಕ್ರಿ."

"ನಗೋಕೆ ಮುಂಚೆ ಲೆಕ್ಕ ಹಾಕ್ತಿದ್ದೆ ಸಾರ್, ಡ್ರೈವರುಗಳು ಯಾರ್ಯಾರು ಅಂತ." ಗೇರು ಬದಲಿಸಿದ. "ತಪ್ಪು ತಿಳ್ಕೋಬೇಡಿ. ಹೋದ ಸಲ ಬಸ್ಸು ಗಾಳೀಲಿ ಹೋಯ್ತು ಅಂತ ಇಡೀ ವರ್ಷ ನನ್ನ ಗಾಳಿಗಾಡಿ ಅಂತ ಕರೆದಿದಾರೆ. ಮನೇಲಿ ನನ್ ಮಗಳೂ ಕರೀತಾಳೆ. ಬಡ್ತಿ ನಿಂತೋಯ್ತು. ನಕ್ಷೆ ಮುಂದೆ ಹತ್ತು ಜನ ಇದ್ರು ಸಾರ್ ಅವತ್ತು. ತ್ರಿಕೋನ ತಿರುಗಿಸೋದು ನನ್ನ ಕೆಲಸಾನೇ ಅಲ್ಲ. ಈ ಸಲ ತಿರುಗಿಸಿ ಅಂತ ನಾನೇ ಅಂದೆ. ಯಾಕೆ ಅಂತ ಯಾರೂ ಕೇಳ್ಲೇ ಇಲ್ಲ. ತಿರುಗಿಸಿಬಿಟ್ರು."

"ಕೇಳ್ಲೇ ಇಲ್ವಾ?"

"ಖುಷಿಯಾಗಿ ತಿರುಗಿಸಿದ್ರು ಸಾರ್."

ಅವನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಒಂದು ಬಗೆಯ ನಂಟಸ್ತಿಕೆ. ಪಕ್ಕದಲ್ಲಿ ಕೂತವನ ಕಿವಿಯ ಹಿಂದಿನ ಬೆವರು, ಸ್ಟಿಯರಿಂಗಿಗೆ ಸುತ್ತಿದ ಹಳೆಯ ಬಟ್ಟೆ, ಕನ್ನಡಿಗೆ ತೂಗಿಬಿಟ್ಟ ಮಗುವಿನ ಕೂದಲ ಕ್ಲಿಪ್ಪು, ಎಲ್ಲ ತನ್ನ ಮೇಲೆ ಹಕ್ಕು ಸ್ಥಾಪಿಸುತ್ತಿದ್ದಂತೆ ಕಂಡವು. ಸುಮ್ಮನಿದ್ದರೆ ಇವನಿಗೆ ಬಡ್ತಿ, ತನಗೆ ಶಾಂತಿ, ಮೇಡಂಗೆ ಸಂತೋಷ. ನಷ್ಟ ಯಾರಿಗೆ? ಆಗದೆ ಇರುವ ಅಪಘಾತದಲ್ಲಿ ಸಾಯದೆ ಇರುವವರಿಗೆ. ಅಂಥವರ ಪರವಾಗಿ ಸಂಬಳ ತೆಗೆದುಕೊಳ್ಳುವ ವಿಚಿತ್ರ ನೌಕರಿ ತನ್ನದು ಎಂದು ಎಷ್ಟೋ ಸಲ ತಮಾಷೆ ಮಾಡಿದ್ದ. ಈಗ ಆ ತಮಾಷೆಗೆ ನಗುವವನು ಪಕ್ಕದಲ್ಲೇ ಇದ್ದರೂ ಹೇಳುವ ಮನಸ್ಸಾಗಲಿಲ್ಲ.

ಶಾಲೆ ಅವನು ಊಹಿಸಿದ್ದಕ್ಕಿಂತ ಚಿಕ್ಕದು. ನಕ್ಷೆಯಲ್ಲಿ ಅದೊಂದು ನೀಲಿ ಚೌಕ. ಇಲ್ಲಿ ಅದಕ್ಕೆ ಮೆಟ್ಟಿಲಿತ್ತು, ಮೆಟ್ಟಿಲ ಮೇಲೆ ಒಂದೇ ಒಂದು ಪುಟ್ಟ ಚಪ್ಪಲಿ ಮಗುಚಿ ಬಿದ್ದಿತ್ತು, ಒಳಗಿನಿಂದ ಮಗ್ಗಿ ಕೇಳುತ್ತಿತ್ತು. ಕೊನೆಯ ಸಾಲಿಗೆ ಬಂದಾಗ ಎಲ್ಲ ಮಕ್ಕಳೂ ಓಟದ ಗೆರೆ ಕಂಡವರಂತೆ ಜೋರು ಮಾಡುತ್ತಿದ್ದರು. ಹೆಡ್‌ಮಿಸ್ಟ್ರೆಸ್ ಹೊರಗೆ ಬಂದರು. ಸಣ್ಣ ಧ್ವನಿ, ಶೀತ ಆದವರಂಥದು. ಪಕ್ಕದಲ್ಲಿ ನಿಂತರೂ ಕಿವಿಗೊಟ್ಟು ಕೇಳಬೇಕು. ಅವರಿಗೆಂದು ಮೂರು ತಿಂಗಳು ಕೂತು ಅಕ್ಕನ ಧ್ವನಿ ಹೊಂದಿಸಿದ್ದವನು ತಲೆ ಬಗ್ಗಿಸಿ ಹತ್ತಿರ ಸರಿದ. ಅಭ್ಯಾಸದಲ್ಲಿ ಇವರಿಗೆ ಒಂದು ಮಾತೂ ಇರಲಿಲ್ಲ. ಇವರ ಪಾಲಿನದನ್ನೆಲ್ಲ ಅವನೇ ಮಾತಾಡಿ ಮುಗಿಸಿದ್ದ.

"ಬಸ್ಸು ಬಂತು ಸಾರ್, ಟೈಮಿಗೆ ಮುಂಚೇನೇ" ಎಂದರು ಅವರು. "ಮಕ್ಕಳು ಪಿಕ್ನಿಕ್ಕು ಅಂತ ಕುಣಿದ್ರು, ಹತ್ತಿಸಲ್ಲ ಅಂದಾಗ ಇಬ್ರು ಅತ್ತರು. ಅದಿರ್ಲಿ. ನಾನೊಂದು ಕೇಳ್ಲಾ, ನಗಬಾರ್ದು."

"ಕೇಳಿ ಟೀಚರ್."

"ನಿಜವಾಗಿ ಆದಾಗಲೂ ಬಸ್ಸು ಹೀಗೇ ಬೇಗ ಬರತ್ತಾ? ಬರಲ್ಲ ಅಂತಾದ್ರೆ ಹೇಳಿಬಿಡಿ, ನಾವು ಕಾಯ್ತಾ ಕೂರಲ್ಲ. ಹಿಂದಿನ ಇಳಿಜಾರಲ್ಲಿ ನಡೆಸ್ಕೊಂಡು ಹೋಗ್ತೀವಿ. ಬರತ್ತೆ ಅಂತ ನೀವು ಹೇಳಿದ್ರೆ ಮಾತ್ರ ಮಕ್ಕಳನ್ನ ಸಾಲಲ್ಲಿ ನಿಲ್ಲಿಸ್ಕೊಂಡು ಇಲ್ಲೇ ಇರ್ತೀವಿ."

ಸಾರಿಗೆ ಅಧಿಕಾರಿ ಬೂಟಿನ ತುದಿಯಿಂದ ಮಣ್ಣು ಕೆದಕತೊಡಗಿದ. ಹೆಡ್‌ಮಿಸ್ಟ್ರೆಸ್ಸಿನ ಹಿಂದೆ ಕಿಟಕಿಯ ಸರಳಿಗೆ ಕಟ್ಟಿದ ಬೋರ್ಡು ಒರೆಸುವ ಬಟ್ಟೆ ನಿಧಾನಕ್ಕೆ ಒಂದು ಕಡೆಗೆ ಹಾರಿ, ಸೋತು ಬಿದ್ದು, ಇನ್ನೊಂದು ಕಡೆಗೆ ಹಾರಿತು. ಅದನ್ನು ನೋಡುತ್ತ ಅವನಿಗೆ ಅಕ್ಕನ ಕೊಡೆ ನೆನಪಾಯಿತು, ಮೂಲೆಯಲ್ಲಿ ನೀರು ಸೋರುತ್ತ. ನಾಳೆ ನಾನು ನಿಜವಾಗಿ ಕೂಗಿದಾಗ? "ಸಭೆ ಆದ್ಮೇಲೆ ಹೇಳ್ತೀನಿ ಟೀಚರ್" ಎಂದ. ಮೈ ಮೇಲೆ ಯಾರ ಧ್ವನಿಯೂ ಬರದೆ, ಮಾತು ಚಳಿಯಲ್ಲಿ ಬಟ್ಟೆಯಿಲ್ಲದೆ ನಿಂತ ಹಾಗಿತ್ತು.

ವಾಪಸು ದಾರಿಯಲ್ಲಿ ಸಾರಿಗೆ ಅಧಿಕಾರಿ ಒಂದೇ ಮಾತು ಕೇಳಿದ: "ಹೇಳ್ತೀರಾ ಸಾರ್?" ಅವನು, "ನಿಮ್ಮ ಹೆಸರು ಎತ್ತಲ್ಲ" ಎಂದ. "ಎತ್ತದೆ ಇದ್ರೂ ಬಸ್ಸು ನಂದೇ ಅಲ್ವಾ ಸಾರ್" ಎಂದು ಅಧಿಕಾರಿ ಹಾರ್ನ್ ಬಾರಿಸಿದ, ಎದುರಿಗೆ ಯಾರೂ ಇಲ್ಲದ ರಸ್ತೆಯಲ್ಲಿ.

ಸಭೆ ನಿಯಂತ್ರಣ ಕೊಠಡಿಯಲ್ಲೇ. ಕಿಟಕಿಗಳಿಗೆಲ್ಲ ಬೆಳಗಿನಿಂದ ಪರದೆ ಎಳೆದಿತ್ತು; ನಕ್ಷೆಯ ಮೇಲೆ ತ್ರಿಕೋನ ಇನ್ನೂ ಶಾಲೆಯ ನೀಲಿ ಚೌಕವನ್ನು ತಬ್ಬಿಕೊಂಡಿತ್ತು. ಸ್ಥಾವರದ ಮುಖ್ಯಸ್ಥರು ಮೊದಲು ಮಾತಾಡಿದರು: ಹೋದ ಸಲದ ಪಾಠ ಕಲಿತಿದ್ದೇವೆ, ಈ ಸಲ ಗಾಳಿಗಿಂತ ಮುಂದೆ ಓಡಿದ್ದೇವೆ. ಚಪ್ಪಾಳೆ ಬಿತ್ತು. ಇತರ ವೀಕ್ಷಕರು ಒಬ್ಬೊಬ್ಬರಾಗಿ ಸಣ್ಣಪುಟ್ಟದನ್ನು ಹೇಳಿದರು: ಕೈಗವಸು ಸಾಲಲಿಲ್ಲ, ಒಂದು ಬಾಗಿಲು ಕಿರುಗುಟ್ಟುತ್ತದೆ. ಕೊನೆಗೆ ಮೇಡಂ ಅವನ ಕಡೆ ತಿರುಗಿದರು. ಮೇಜಿನ ಕೆಳಗೆ ಅವನ ಕೈ ಜೇಬಿನಲ್ಲಿದ್ದ ಮುದ್ದೆ ಕಾಗದವನ್ನು ಬಿಡಿಸುತ್ತ, ಮುದುರುತ್ತ ಇತ್ತು. ಎದ್ದು ನಿಂತ. ಬೇಕಾದರೆ ಈಗಲೂ ಪತ್ರಕರ್ತನಾಗಬಹುದಿತ್ತು, ನಗಿಸಿ ಕೂರಬಹುದಿತ್ತು. ಇಡೀ ಕೊಠಡಿ ಅದಕ್ಕೇ ತುಟಿ ಸಡಿಲಿಸಿಕೊಂಡು ಕಾಯುತ್ತಿತ್ತು.

"ಹವಾಮಾನದ ಫೋನು ಒಂದು ಸಲಾನೂ ಬರಲಿಲ್ಲ" ಎಂದ. "ಗಾಳಿ ಯಾರೂ ಕೇಳಲಿಲ್ಲ. ಬಸ್ಸು ಹೋಗಿದ್ದು ಗಾಳಿ ನೋಡಿ ಅಲ್ಲ. ನಿನ್ನೆ ಸಂಜೆ ಟೀ ಹೊತ್ತಲ್ಲಿ ನಾನೇ ಕಥೆ ಬಿಟ್ಟುಕೊಟ್ಟೆ."

ಧ್ವನಿ ಚಪ್ಪಟೆಯಾಗಿತ್ತು, ನಡುವೆ ಸ್ವಲ್ಪ ಒಡೆದಿತ್ತು, ಯಾವ ಊರಿನದೂ ಯಾವ ವಯಸ್ಸಿನದೂ ಅಲ್ಲದ್ದು. ಕೊಠಡಿಯಲ್ಲಿ ಒಂದು ಖುಷಿಯ ಅಲೆ ಎದ್ದಿತು. ಕುರ್ಚಿಗಳು ಮುಂದೆ ಬಾಗಿದವು. ಮುಖ್ಯಸ್ಥರು ತಲೆ ಓರೆ ಮಾಡಿ ಆಲಿಸಿ, "ಇದು ಯಾರು ಸಾರ್? ಚೆನ್ನಾಗಿದೆ. ಸಿಗ್ತಾ ಇಲ್ಲ" ಎಂದರು. ಯಾರೋ ಹಿಂದಿನಿಂದ, "ದೊಡ್ಡ ಕಚೇರಿಯ ನಿರ್ದೇಶಕರು ತಾನೆ? ಥೇಟ್!" ಎಂದರು. ನಗು ಗೋಡೆಯಿಂದ ಗೋಡೆಗೆ ಬಡಿಯಿತು. ಅವನು ನಿಂತೇ ಇದ್ದ. ಇಷ್ಟು ದಿನ ಆ ನಗುವಿಗಾಗಿ ಏನನ್ನೆಲ್ಲ ಕೊಟ್ಟಿದ್ದೆನೆಂದು ಈಗ ಅದು ಮೈಮೇಲೆ ಬೀಳುತ್ತಿರುವಾಗ ತಿಳಿಯುತ್ತಿತ್ತು. ನಗದೆ ಇದ್ದವರು ಮೇಡಂ ಒಬ್ಬರೇ. ಅವರು ಕನ್ನಡಕವನ್ನು ಮೂಗಿನ ತುದಿಗಿಳಿಸಿ ಅವನನ್ನೇ ನೋಡುತ್ತಿದ್ದರು, ಅವನು ನಿನ್ನೆ ಮಾಡಿ ತೋರಿಸಿದ ಹಾಗೆಯೇ, ಆದರೆ ಅದರಲ್ಲಿ ಅವನು ತೋರಿಸದೆ ಬಿಟ್ಟಿದ್ದ ಆಯಾಸವೊಂದು ಇತ್ತು.

"ಇದು ಅಭ್ಯಾಸ ಅಲ್ಲ" ಎಂದ ಅವನು.

ಆ ಕೊಠಡಿಯಲ್ಲಿ ಹೇಳಬಾರದ ಮಾತು ಅದೊಂದೇ. ನಗು ಒಂದೊಂದೇ ಕುರ್ಚಿಯಿಂದ ಇಳಿದುಹೋಯಿತು. ಎಲ್ಲರಿಗಿಂತ ಮೊದಲು ನಿಲ್ಲಿಸಿದವನು, ನಿನ್ನೆ ಎಲ್ಲರಿಗಿಂತ ತಡವಾಗಿ ಶುರು ಮಾಡಿದವನೇ. ಇವನು ನಿಂತಲ್ಲೇ ಎಲ್ಲವನ್ನೂ ಮೊದಲಿಂದ ಹೇಳಿದ: ಜಗಲಿ, ಹೆಡ್‌ಮಿಸ್ಟ್ರೆಸ್ಸಿನ ಧ್ವನಿ, ದಿಬ್ಬ ಎಂಬ ಮಾತು, ಎರಡನೆಯ ಸಲ ಮತ್ತೆ ಹೇಳಿದ್ದು. ಮೇಡಂ ಬೆಳಿಗ್ಗೆ ಕೇಳಿದ್ದು, ತಾನು ಗುಮಾಸ್ತನಾಗಿ ನುಣುಚಿಕೊಂಡದ್ದು. ಯಾರು ಕೇಳಿಸಿಕೊಂಡರೆಂದು ಹೇಳಲಿಲ್ಲ. ಮುಖ್ಯಸ್ಥರ ಮುಖ ಸಣ್ಣದಾಯಿತು. "ಹಾಗಂತ ಬಸ್ಸು ಹೋಗಿದ್ದು ಸುಳ್ಳಾ ಸಾರ್? ಬಸ್ಸು ಹೋಗಿದೆಯಲ್ಲ" ಎಂದರು, ಬೇಡಿಕೊಳ್ಳುವವರ ಹಾಗೆ.

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. "ಮತ್ತೆ ಮಾಡಬೇಕಾಗತ್ತೆ. ಹೊಸ ಕಥೆ. ಅದರಲ್ಲಿ ನೀವಿರಲ್ಲ" ಎಂದು ಅವನಿಗೆ ಹೇಳಿದರು. ಬೈಗುಳದ ಹಾಗಿರಲಿಲ್ಲ, ಆದರೆ ಬೈದಿದ್ದರೆ ಚೆನ್ನಾಗಿತ್ತು. ಅವನು ತಲೆಯಾಡಿಸಿದ. ಮೂರು ತಿಂಗಳ ಧ್ವನಿಗಳೆಲ್ಲ ಒಟ್ಟಿಗೆ ಎದ್ದು ಮನೆ ಖಾಲಿ ಮಾಡಿ ಹೋದಂತೆ ಗಂಟಲು ಬರಿದಾಗಿತ್ತು. ಆಮೇಲೆ ಮೇಡಂ ಇಡೀ ಕೊಠಡಿಯ ಕಡೆ ತಿರುಗಿ ಕೇಳಿದರು:

"ಕಥೇಲಿ ಅಲ್ಲ. ಈಗ, ಹೊರಗೆ, ಗಾಳಿ ಯಾವ ಕಡೆ ಬೀಸ್ತಿದೆ?"

ಒಬ್ಬರ ಹಿಂದೊಬ್ಬರಂತೆ ಎಲ್ಲರ ಕತ್ತುಗಳೂ ಗೋಡೆಯ ನಕ್ಷೆಯ ಕಡೆಗೆ, ಅಲ್ಲಿ ಸಿಕ್ಕಿಸಿದ್ದ ತ್ರಿಕೋನದ ಕಡೆಗೆ ತಿರುಗಿದವು. ಅವನ ಕತ್ತೂ ತಿರುಗಿತು. ತಿರುಗಿದ್ದು ತಿಳಿದು ನಾಚಿಕೆಯಾಯಿತು. ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಸರಿದ ಸದ್ದಾಯಿತು. ಸಾರಿಗೆ ಅಧಿಕಾರಿ ಎದ್ದು, ಯಾರ ಮುಖವನ್ನೂ ನೋಡದೆ ನಡೆದುಹೋಗಿ, ಪರದೆ ಸರಿಸಿ, ಬಿಗಿದುಕೊಂಡಿದ್ದ ಕಿಟಕಿಯನ್ನು ಎರಡು ಕೈಯಿಂದ ಗುದ್ದಿ ತೆರೆದು, ತೋಳು ಹೊರಗೆ ಚಾಚಿ, ಅಂಗೈ ಬಿಚ್ಚಿ ನಿಂತ.